ಡಬ್ಬಿ ಅಕ್ಕ ಮತ್ತು ಇನ್ನೂರೈವತ್ತರ ಕಗ್ಗಂಟು

ಕೆಟ್ಟ ಯಂತ್ರ ಸರಿಹೋಗಲಿ ಎಂದು ಒದ್ದಾಡುವವರನ್ನು ಬೇಕಾದಷ್ಟು ನೋಡಿದ್ದೇನೆ. ಸರಿಯಾಗಿರುವ ಯಂತ್ರ ಒಂದೇ ಒಂದು ಸಲ ಕೆಡಲಪ್ಪಾ ಎಂದು ಬೆಳಗಿನ ಜಾವ ಎದ್ದು ಬಂದು ಕೂರುವವರನ್ನು ನೋಡುತ್ತಿರುವುದು ಇದೇ ಮೊದಲು.

ಹೊರಗೆ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಗೋದಾಮಿನಂಥ ಎತ್ತರದ ಹಾಲ್‌ನ ನಡುವೆ, ಆರು ಉಕ್ಕಿನ ಕಾಲುಗಳ ಮೇಲೆ, ಬಿಳಿ ಬಣ್ಣದ ದೊಡ್ಡ ಡಬ್ಬಿಯೊಂದು ನಿಂತಿದೆ. ಹೊರಗಿನಿಂದ ನೋಡಿದರೆ ರೆಕ್ಕೆ ಇಲ್ಲ, ಬಾಲವಿಲ್ಲ, ಒಂದು ಕಿಟಕಿಯೂ ಇಲ್ಲ. ಒಳಗೆ ಹೋದರೆ ಮಾತ್ರ ಪ್ರಯಾಣಿಕರ ವಿಮಾನದ ಮೂತಿ: ಅಕ್ಕಪಕ್ಕ ಎರಡು ಸೀಟು, ಕಣ್ಣು ಹಾಯಿಸಿದಲ್ಲೆಲ್ಲ ಗುಂಡಿಗಳು, ಗಾಜಿನಾಚೆ ಪರದೆಯ ಮೇಲೆ ಮೂಡುವ ಮೋಡ. ಪೈಲಟ್ ಆಗುವವರು ನಿಜವಾದ ವಿಮಾನ ಮುಟ್ಟುವ ಮೊದಲು ಇದರೊಳಗೆ ಕೂತು ಹಾರುತ್ತಾರೆ, ಬೀಳುತ್ತಾರೆ, ಬೈಸಿಕೊಳ್ಳುತ್ತಾರೆ. ಇದಕ್ಕೆ ಸಿಮ್ಯುಲೇಟರ್ ಎಂಬ ಘನವಾದ ಹೆಸರಿದೆ. ಇಲ್ಲಿ ಯಾರೂ ಹಾಗೆ ಕರೆಯುವುದಿಲ್ಲ, ಡಬ್ಬಿ ಎನ್ನುತ್ತಾರೆ. ಅದನ್ನು ನೋಡಿಕೊಳ್ಳುವ ತಂತ್ರಜ್ಞೆಗೆ ಡಬ್ಬಿ ಅಕ್ಕ ಎಂದೇ ಹೆಸರು ಬಿದ್ದಿದೆ.

ಡಬ್ಬಿ ಅಕ್ಕ ಎಡಗಡೆ ಸೀಟಿನಲ್ಲಿ ಕೂತಿದ್ದಾರೆ. ಐವತ್ತು ದಾಟಿದ ವಯಸ್ಸು, ಮೂಗಿನ ತುದಿಗೆ ಜಾರಿದ ಕನ್ನಡಕ, ಎಣ್ಣೆ ಕಲೆಯ ನೀಲಿ ಕೋಟು. ಬಲಗಡೆ ಸೀಟಿನಲ್ಲಿ ಅವರ ಉಪಕರಣದ ಚೀಲ, ಲ್ಯಾಪ್‌ಟಾಪ್, ಮಫ್ಲರ್, ಚಹಾದ ಫ್ಲಾಸ್ಕ್ ಆರಾಮಾಗಿ ಕೂತಿವೆ. ಪತ್ರಿಕೆಯ ಪುರವಣಿಗೆ ಅವರ ಬಗ್ಗೆ ಬರೆಯಲು ಬಂದ ನಾನು ಹಿಂದುಗಡೆ ಬೋಧಕರ ಕುರ್ಚಿಯಲ್ಲಿ, ಎರಡೂ ಕೈಯಲ್ಲಿ ಕುರ್ಚಿ ಹಿಡಿದುಕೊಂಡು ಕೂತಿದ್ದೇನೆ. ಡಬ್ಬಿ ನಿಂತಲ್ಲೇ ನಿಂತಿದೆ ಎಂದು ನನಗೆ ಗೊತ್ತು. ನನ್ನ ಹೊಟ್ಟೆಗೆ ಗೊತ್ತಿಲ್ಲ.

ಅಕ್ಕ ಮುಂದಿನ ಫಲಕದ ನಟ್ಟನಡುವೆ ಇರುವ ಒಂದು ಸಣ್ಣ ಗುಂಡಿಯನ್ನು ತಿರುಗಿಸುತ್ತಾರೆ. ಅದರ ಮೇಲಿನ ಕಿರುಕಿಂಡಿಯಲ್ಲಿ ಇನ್ನೂರೆಂಬತ್ತು ಎಂಬ ಅಂಕಿ ಬರುತ್ತದೆ. ಆಮೇಲೆ ಗುಂಡಿಯನ್ನು ತಮ್ಮ ಕಡೆಗೆ ಎಳೆಯುತ್ತಾರೆ. ಎಂಜಿನ್ನಿನ ಸದ್ದು ಏರುತ್ತದೆ. ಇನ್ನೂರೈವತ್ತರಲ್ಲಿದ್ದ ವೇಗ ನಿಧಾನಕ್ಕೆ ಮೇಲೆ ಹೋಗಿ ಇನ್ನೂರೆಂಬತ್ತಕ್ಕೆ ನಿಲ್ಲುತ್ತದೆ. ಹೇಳಿದ ಮಾತು ಕೇಳಿದ ವಿಮಾನ! ನಾನು ಚಪ್ಪಾಳೆ ತಟ್ಟಬೇಕು ಅಂದುಕೊಳ್ಳುವಷ್ಟರಲ್ಲಿ ಅಕ್ಕನ ಮುಖ ಸಣ್ಣದಾಗುತ್ತದೆ.

"ಹೋಯ್ತು," ಎನ್ನುತ್ತಾರೆ. "ಇವತ್ತೂ ಸರಿಯಾಗೇ ಇದೆ."

"ಒಳ್ಳೇದೇ ಆಯ್ತಲ್ಲ ಅಕ್ಕ?"

ಅವರು ತಿರುಗಿ ನನ್ನನ್ನು ಒಂದು ನೋಟ ನೋಡುತ್ತಾರೆ. ಶಾಲೆಯಲ್ಲಿ ಲೆಕ್ಕದ ಮೇಷ್ಟ್ರು ನನ್ನನ್ನು ಹಾಗೆ ನೋಡುತ್ತಿದ್ದರು. ಫ್ಲಾಸ್ಕ್‌ನಿಂದ ಮುಚ್ಚಳಕ್ಕೆ ಚಹಾ ಬಗ್ಗಿಸಿ ನನ್ನ ಕೈಗೆ ಕೊಟ್ಟು, ಮತ್ತೆ ಗುಂಡಿಯ ಮೇಲೆ ಕೈ ಇಡುತ್ತಾರೆ.

ಇದೆಲ್ಲ ಯಾಕೆ ಎಂದು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಓದುಗರೂ ನನ್ನ ಹಾಗೆ ಕಣ್ಣುಕಣ್ಣು ಬಿಡಬೇಕಾಗುತ್ತದೆ. ಹೋದ ತಿಂಗಳು ಈ ಡಬ್ಬಿಯೊಳಗೆ ಒಬ್ಬ ಹೆಣ್ಣುಮಗಳ ಪರೀಕ್ಷೆ ನಡೆಯಿತು. ಅವರು ಮೊದಲು ಶಾಲೆಯಲ್ಲಿ ಪಾಠ ಮಾಡುತ್ತಿದ್ದವರು, ಮದುವೆಯಾಗಿ ಮಗುವಾದ ಮೇಲೆ ಹಟ ಹಿಡಿದು ಪೈಲಟ್ ತರಬೇತಿಗೆ ಸೇರಿದವರು. ಎಲ್ಲರೂ ಅವರನ್ನು ಈಗಲೂ ಟೀಚರ್ ಅಂತಲೇ ಕರೆಯುತ್ತಾರೆ. ಪರೀಕ್ಷೆಯ ನಡುವೆ ಅವರಿಗೆ ವೇಗವನ್ನು ಇನ್ನೂರೆಂಬತ್ತಕ್ಕೆ ಏರಿಸು ಎಂಬ ಆದೇಶ ಬಂತು. ವಿಮಾನ ಇನ್ನೂರೈವತ್ತು ಬಿಟ್ಟು ಜಪ್ಪಯ್ಯ ಅಂದರೂ ಅಲುಗಾಡಲಿಲ್ಲ. ಅವರು ಗಮನಿಸುವಷ್ಟರಲ್ಲಿ ತಡವಾಗಿತ್ತು. ಅವರು ಫೇಲು.

ಗುಂಡಿ ಎಳೆದೆ ಎಂದರು ಟೀಚರ್. ಎಳೆದಿಲ್ಲ ಎಂದರು ಪರೀಕ್ಷಕ ಕ್ಯಾಪ್ಟನ್. ಯಂತ್ರ ನೋಡಿ ಹೇಳಿ ಎಂದು ಅಕ್ಕನನ್ನು ಕರೆಸಿದರು. ಅಕ್ಕ ಬಂದು ಕೂತು ಗುಂಡಿ ಎಳೆದರು, ವಿಮಾನ ಓಡಿತು. ಯಂತ್ರದಲ್ಲಿ ದೋಷವಿಲ್ಲ ಎಂದು ಬರೆದು ಸಹಿ ಹಾಕಿದರು. ಅಲ್ಲಿಗೆ ಟೀಚರ್ ಮಾತಿಗೆ ಬೆಲೆ ಇಲ್ಲದಂತಾಯಿತು. ಇದು ಅವರ ಎರಡನೇ ಫೇಲು. ಎರಡಾದರೆ ಸಮಿತಿಯ ಮುಂದೆ ಹೋಗಬೇಕು, ಸಮಿತಿ ಸಾಮಾನ್ಯವಾಗಿ ಮನೆಗೆ ಕಳಿಸುತ್ತದೆ. ಸಮಿತಿ ಸೇರುವುದು ನಾಡಿದ್ದು.

ಇಷ್ಟೇ ಆಗಿದ್ದರೆ ಅಕ್ಕ ಕೈ ತೊಳೆದುಕೊಂಡು ಮುಂದಿನ ಕೆಲಸ ನೋಡುತ್ತಿದ್ದರೇನೋ. ಆದರೆ ಹೋದ ವಾರ ಇನ್ನೊಬ್ಬರು ತರಬೇತಿಯ ನಡುವೆ ಇದೇ ದೂರು ಹೇಳಿದರು. ಅವರದು ಪರೀಕ್ಷೆಯಾಗಿರಲಿಲ್ಲ, ನಕ್ಕು ಮರೆತರು. ಅಕ್ಕನಿಗೆ ಅವತ್ತಿನಿಂದ ನಿದ್ದೆ ಇಲ್ಲ.

"ನನ್ನ ಸಹಿ ಸುಳ್ಳಾಗಿದ್ರೆ ಆ ಟೀಚರ್ ಬದುಕು ಹಾಳಾದದ್ದು ನನ್ನಿಂದ," ಎನ್ನುತ್ತಾರೆ. "ಸಹಿ ನಿಜ ಆಗಿದ್ರೆ ನಂಗೆ ತಲೆ ಕೆಟ್ಟಿದೆ. ಎರಡ್ರಲ್ಲಿ ಯಾವುದು ಅಂತ ಗೊತ್ತಾಗ್ಬೇಕು, ಅಷ್ಟೇ."

ಈ ವೇಗದ ವಿಷಯವನ್ನು ಅಕ್ಕ ನನಗೆ ಮೂರು ಸಲ ವಿವರಿಸಿದ್ದಾರೆ. ಮೊದಲ ಸಲ ತಲೆಬುಡ ಅರ್ಥವಾಗಲಿಲ್ಲ, ಎರಡನೇ ಸಲ ಅರ್ಥವಾಯಿತು, ಮೂರನೇ ಸಲಕ್ಕೆ ಅದೂ ಹೋಯಿತು. ಉಳಿದಷ್ಟನ್ನು ಹೇಳುತ್ತೇನೆ. ಆಟೊಪೈಲಟ್ ಎಂಬ ಕಂಪ್ಯೂಟರ್ ವಿಮಾನ ನಡೆಸುತ್ತಿರುವಾಗ ವೇಗ ಎಷ್ಟಿರಬೇಕು ಎಂದು ಯಾರು ತೀರ್ಮಾನಿಸಬೇಕು? ಆ ಸಣ್ಣ ಗುಂಡಿಯನ್ನು ಒಳಗೆ ಒತ್ತಿದರೆ ಕಂಪ್ಯೂಟರ್. ಹೊರಗೆ ಎಳೆದರೆ ಪೈಲಟ್. ಹತ್ತು ಸಾವಿರ ಅಡಿಗಿಂತ ಕೆಳಗೆ ಇನ್ನೂರೈವತ್ತು ನಾಟ್ ಮೀರಬಾರದು, ಅಂದರೆ ಗಂಟೆಗೆ ಸುಮಾರು ನಾನೂರ ಅರವತ್ತು ಕಿಲೋಮೀಟರ್, ಎಂದು ಕಂಪ್ಯೂಟರಿಗೆ ಮೊದಲೇ ಹೇಳಿಕೊಟ್ಟಿರುತ್ತಾರೆ. ಅದು ವಿಧೇಯ ವಿದ್ಯಾರ್ಥಿ, ಮೀರುವುದಿಲ್ಲ. ನೆಲದಿಂದ ವಿಮಾನಗಳಿಗೆ ದಾರಿ ಹೇಳುವ ಕಂಟ್ರೋಲ್‌ನವರು ಜೋರಾಗಿ ಬಾ ಎಂದರೆ ಪೈಲಟ್ ಗುಂಡಿ ಎಳೆದು ಯಜಮಾನಿಕೆಯನ್ನು ತನ್ನ ಕೈಗೆ ತೆಗೆದುಕೊಳ್ಳಬೇಕು.

ಇಲ್ಲೊಂದು ತಮಾಷೆ ಇದೆ. ಗುಂಡಿಯನ್ನು ಎಳೆಯದೆ ಬರೀ ತಿರುಗಿಸಿದರೂ ಕಿಂಡಿಯಲ್ಲಿ ಅಂಕಿ ಬರುತ್ತದೆ. ಹತ್ತು ಸೆಕೆಂಡ್ ಕಾಯುತ್ತದೆ. ಎಳೆದರೆ ಅಂಕಿ ನಿಲ್ಲುತ್ತದೆ, ಎಳೆಯದಿದ್ದರೆ ಅಳಿಸಿಹೋಗಿ ಮೂರು ಸಣ್ಣ ಗೆರೆ ಬರುತ್ತವೆ. ನೀವು ಸುಮ್ಮನೆ ಕೇಳಿದಿರಿ, ನಾನು ಮರೆತೆ ಎಂದ ಹಾಗೆ. ಅಷ್ಟರಲ್ಲಿ ಪೈಲಟ್ ಬೇರೆ ಕಡೆ ನೋಡುತ್ತಿದ್ದರೆ ಮುಗಿಯಿತು.

"ಹಾಗಾದ್ರೆ ಟೀಚರ್ ಎಳೆದಿಲ್ಲ ಅಂತಲೇ ಆಯ್ತಲ್ಲ?" ಎಂದೆ, ಬಹಳ ಬುದ್ಧಿವಂತನ ಹಾಗೆ.

"ಹಾಗಂತಲೇ ನಾನೂ ಸಹಿ ಹಾಕಿದ್ದು," ಎಂದರು ಅಕ್ಕ.

ಎಳೆಯದೇ ಇರುವುದೊಂದೇ ಕಾರಣವಲ್ಲವಂತೆ. ವಿಮಾನ ವೇಗ ಏರಿಸದೆ ಮೊಂಡು ಹಿಡಿಯಲು ಬೇಕಾದಷ್ಟು ನೆಪಗಳಿವೆ. ರೆಕ್ಕೆಯ ಹಿಂದಿನ ಮಡಿಕೆಗಳು ಚಾಚಿಕೊಂಡಿದ್ದರೆ ಒಂದು ಮಿತಿ. ಚಕ್ರ ಇಳಿಸಿದ್ದರೆ ಇನ್ನೊಂದು. ದಾರಿಯ ಯಾವುದೋ ತಿರುವಿಗೆ ಯಾರೋ ಮೊದಲೇ ಬರೆದಿಟ್ಟ ಮಿತಿ ಮತ್ತೊಂದು. ಎಂಜಿನ್ ಹಿಡಿ ತನ್ನ ಜಾಗದಿಂದ ಒಂದಿಷ್ಟು ಹಿಂದೆ ಸರಿದಿದ್ದರೆ ಅದೊಂದು. ಒಂದೇ ಸೊಸೆಗೆ ನಾಲ್ಕು ಜನ ಅತ್ತೆಯರಿದ್ದ ಹಾಗೆ. ಅಕ್ಕ ಒಬ್ಬೊಬ್ಬ ಅತ್ತೆಯನ್ನೂ ವಿಚಾರಿಸಿಕೊಂಡು ಬಂದಿದ್ದಾರೆ, ಯಾರ ಮೇಲೂ ತಪ್ಪು ಸಿಕ್ಕಿಲ್ಲ. ಡಬ್ಬಿ ತಯಾರಿಸಿದ ಕಂಪನಿಗೆ ಬರೆದರೆ ಅವರು ದೂರದಿಂದಲೇ ಕಂಪ್ಯೂಟರ್ ಪರೀಕ್ಷಿಸಿ ಉತ್ತರ ಕೊಟ್ಟರು: ನಮ್ಮ ದಾಖಲೆ ಪ್ರಕಾರ ಗುಂಡಿಯನ್ನು ಯಾರೂ ಎಳೆದೇ ಇಲ್ಲ.

ಇಂಥ ಲೇಖನದಲ್ಲಿ ಅಂಕಿಅಂಶ ಇರಲೇಬೇಕು ಎಂದು ಪುರವಣಿಯ ಸಂಪಾದಕರು ಹೇಳಿ ಕಳಿಸಿದ್ದಾರೆ. ದಿನಕ್ಕೆ ನಾಲ್ಕು ಪಾಳಿ ಡಬ್ಬಿ ಹಾರುತ್ತದೆ, ಒಂದೊಂದು ಪಾಳಿ ನಾಲ್ಕು ಗಂಟೆ. ಮೊದಲ ಪಾಳಿಗೆ ಮುಂಚೆ ಅಕ್ಕ ಬಂದು, ಕಾಲುಗಳ ಕೆಳಗೆ ಮಂಡಿಯೂರಿ ಎಣ್ಣೆ ಸೋರಿದೆಯೋ ನೋಡಿ, ಒಳಗೆ ಹೋಗಿ ಒಂದು ಸುತ್ತು ಹಾರಿಸಿ, ಕಾಗದಕ್ಕೆ ಸಹಿ ಹಾಕಬೇಕು. ಆ ಸಹಿ ಇಲ್ಲದೆ ಯಾವ ಕ್ಯಾಪ್ಟನ್ನೂ ಒಳಗೆ ಕಾಲಿಡುವ ಹಾಗಿಲ್ಲ. ಒಟ್ಟು ಎಷ್ಟು ಗುಂಡಿಗಳಿವೆ ಎಂದು ಕೇಳಿದೆ.

"ಎಣಿಸಿಲ್ಲ," ಎಂದರು. "ಕೆಟ್ಟಾಗ ಒಂದೇ ಇರೋದು."

ಅಕ್ಕ ಮೊದಲು ಲಿಫ್ಟ್ ಕಂಪನಿಯಲ್ಲಿದ್ದವರು. ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿ ಸೇರಿದಾಗ ಲಿಫ್ಟ್ ಹೊಂಡಕ್ಕೆ ಇಳಿಯುವ ಹೆಂಗಸು ಅವರೊಬ್ಬರೇ. ಅವರು ರಿಪೇರಿ ಮಾಡಿ ಮೇಲೆ ಬಂದರೆ ಕೆಲವರು ಮೆಟ್ಟಿಲು ಹತ್ತಿ ಹೋಗುತ್ತಿದ್ದರಂತೆ. "ನಾನು ಮುಂದೆ ನಿಂತು, ಬನ್ನಿ ಸ್ವಾಮಿ, ಬಿದ್ರೆ ಇಬ್ರೂ ಬೀಳೋಣ ಅಂತಿದ್ದೆ," ಎಂದು ನಗುತ್ತಾರೆ. ಆ ಹೊಂಡಗಳು ಕೊಟ್ಟ ಮಂಡಿನೋವು ಇನ್ನೂ ಜೊತೆಗಿದೆ. ಈ ಡಬ್ಬಿ ಮರದ ಪೆಟ್ಟಿಗೆಗಳಲ್ಲಿ ಬಿಡಿಬಿಡಿಯಾಗಿ ಬಂದಿಳಿದಾಗ ಜೋಡಿಸಲು ಕೈ ಸಾಲದೆ ಲಿಫ್ಟ್‌ನವರನ್ನು ಕರೆದರು. ಕೆಲಸ ಮುಗಿದ ಮೇಲೆ ಉಳಿದವರು ಹೊರಟರು, ಅಕ್ಕ ಉಳಿದರು.

"ಲಿಫ್ಟ್ ಆದ್ರೂ ಜನರನ್ನ ಮೂರನೇ ಮಹಡಿಗೆ ಕರ್ಕೊಂಡು ಹೋಗ್ತಿತ್ತು. ಇದು ಎಲ್ಲಿಗೂ ಹೋಗಲ್ಲ. ಆದ್ರೂ ಇದರ ಕಾಟವೇ ಜಾಸ್ತಿ."

ಆ ಸಂಜೆ ಅವರ ಮನೆಗೆ ಹೋಗುತ್ತೇನೆ. ಮಹಡಿ ಮೇಲಿನ ಎರಡು ಕೋಣೆಯ ಬಾಡಿಗೆ ಮನೆ. ಮುಂದಿನ ಕೋಣೆಯಲ್ಲಿ ಅವರ ಗಂಡ ಹೊಲಿಗೆ ಯಂತ್ರದ ಮುಂದೆ ಕೂತು ಶಾಲೆಯ ಸಮವಸ್ತ್ರಗಳಿಗೆ ಕಾಲರ್ ಹಚ್ಚುತ್ತಿದ್ದಾರೆ. ಬಾಯಲ್ಲಿ ಎರಡು ಗುಂಡುಸೂಜಿ ಕಚ್ಚಿಕೊಂಡೇ ಮಾತಾಡುತ್ತಾರೆ.

"ಇವಳು ಅಲ್ಲಿ ಏನು ಕೆಲಸ ಮಾಡ್ತಾಳೆ ಅಂತ ನನ್ನನ್ನ ಕೇಳ್ಬೇಡಿ. ಹಾರದೇ ಇರೋ ವಿಮಾನ ರಿಪೇರಿ ಮಾಡ್ತಾಳೆ ಅಂತ ಅಕ್ಕಪಕ್ಕದವರಿಗೆ ಹೇಳಿದ್ದೀನಿ. ಹಾರಲ್ಲ ಅಂದ್ಮೇಲೆ ರಿಪೇರಿ ಆಗಿಲ್ಲ ಅಂತ ತಾನೇ ಅರ್ಥ ಅಂತಾರೆ ಅವ್ರು. ನಾನೇನು ಹೇಳ್ಲಿ?"

ಅಕ್ಕನ ಅತ್ತೆ, ನಾಲ್ವರಲ್ಲ, ಇರುವವರು ಒಬ್ಬರೇ, ಮೂಲೆಯ ಮಂಚದಲ್ಲಿ ಕೂತಿದ್ದಾರೆ. ಸೊಸೆ ಪೈಲಟ್ ಎಂದೇ ಅವರು ನಂಬಿದ್ದಾರೆ. ಯಾರು ಎಷ್ಟು ತಿದ್ದಿದರೂ ಆ ನಂಬಿಕೆ ಸಡಿಲವಾಗಿಲ್ಲ.

"ಇವತ್ತು ಎಲ್ಲಿಗೆ ಹೋಗಿ ಬಂದ್ಯಮ್ಮ?" ಎಂದು ಕೇಳುತ್ತಾರೆ.

"ಎಲ್ಲೂ ಇಲ್ಲ ಅತ್ತೆ, ಇಲ್ಲೇ."

"ಇಷ್ಟು ಬೇಗ ವಾಪಸ್ ಬಂದ್ಯಾ?" ಎಂದು ಅವರು ನನ್ನ ಕಡೆ ತಿರುಗಿ ಹೆಮ್ಮೆಯಿಂದ ತಲೆ ಆಡಿಸುತ್ತಾರೆ.

ನಗು ಬರುತ್ತದೆ. ಆದರೆ ಅಕ್ಕ ನಗುತ್ತಿಲ್ಲ. ಊಟದ ತಟ್ಟೆ ಮುಂದಿಟ್ಟುಕೊಂಡು, ಅದರ ಅಂಚಿನ ಉಬ್ಬನ್ನು ಎರಡು ಬೆರಳಲ್ಲಿ ಹಿಡಿದು ಎಳೆಯುತ್ತಿದ್ದಾರೆ, ಬಿಡುತ್ತಿದ್ದಾರೆ, ಮತ್ತೆ ಎಳೆಯುತ್ತಿದ್ದಾರೆ. ಗಂಡ ನನಗೆ ಕಣ್ಣಿನಲ್ಲೇ ತೋರಿಸುತ್ತಾರೆ: ನೋಡಿ, ಹೀಗಾಗಿದ್ದಾಳೆ.

ಮರುದಿನ ಮಧ್ಯಾಹ್ನ ಕ್ಯಾಂಟೀನಿನಲ್ಲಿ ಟೀಚರ್ ಸಿಗುತ್ತಾರೆ. ಸಮಿತಿಯ ಮುಂದೆ ಏನು ಹೇಳಬೇಕು ಎಂದು ಯೋಚಿಸಿ ಯೋಚಿಸಿ ಕಣ್ಣಿನ ಕೆಳಗೆ ಕಪ್ಪಾಗಿದೆ. ಪಕ್ಕದ ಕುರ್ಚಿಯಲ್ಲಿ ಮಗಳು, ಚಮಚದಿಂದ ಮೇಜಿನ ಮೇಲೆ ವಿಮಾನ ಇಳಿಸುತ್ತಿದ್ದಾಳೆ. ಅಕ್ಕ ಕೂಡ ನನ್ನ ಜೊತೆಗಿದ್ದಾರೆ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತಿಲ್ಲ.

"ಎಳೆದ್ರಾ?" ಎಂದು ಅಕ್ಕನೇ ಕೊನೆಗೆ ಕೇಳುತ್ತಾರೆ. "ನಂಗೆ ಸಿಟ್ಟು ಬರಲ್ಲ. ನಿಜ ಹೇಳಿ."

"ಎಳೆದೆ ಅಂತಲೇ ನೆನಪು ಅಕ್ಕ. ಕೈಗೆ ಟಕ್ ಅಂತ ಸಿಕ್ಕಿತ್ತು." ಟೀಚರ್ ತಮ್ಮ ಬೆರಳುಗಳನ್ನು ನೋಡಿಕೊಳ್ಳುತ್ತಾರೆ. "ಆದ್ರೆ ಅದನ್ನ ಈಗ ಎಷ್ಟು ಜನಕ್ಕೆ ಎಷ್ಟು ಸಲ ಹೇಳಿದ್ದೀನಿ ಅಂದ್ರೆ, ನೆನಪಿರೋದು ಎಳೆದದ್ದೋ, ಎಳೆದೆ ಅಂತ ಹೇಳಿದ್ದೋ, ನಂಗೇ ತಿಳೀತಿಲ್ಲ. ಒಂದೊಂದ್ಸಲ ಎಳೆದೇ ಇಲ್ವೇನೋ ಅನ್ಸುತ್ತೆ."

"ಅಯ್ಯೋ, ನೀವೇ ಹಾಗಂದ್ರೆ ಹೇಗೆ!" ಎಂದು ಅಕ್ಕ ಗದರುತ್ತಾರೆ.

ಎಳೆದವರಿಗೇ ಎಳೆದದ್ದು ಗೊತ್ತಿಲ್ಲ, ಸಹಿ ಹಾಕಿದವರಿಗೆ ಸಹಿಯ ಮೇಲೆ ನಂಬಿಕೆ ಇಲ್ಲ, ಬರೆಯಲು ಬಂದವನಿಗೆ ಏನು ಬರೆಯಬೇಕೆಂದು ತೋಚುತ್ತಿಲ್ಲ. ಆ ಮೇಜಿನಲ್ಲಿ ತಾನು ಏನು ಮಾಡುತ್ತಿದ್ದೇನೆಂದು ಖಚಿತವಾಗಿ ಗೊತ್ತಿದ್ದದ್ದು ಚಮಚ ಹಿಡಿದ ಆ ಮಗುವಿಗೆ ಮಾತ್ರ. ಅವಳು ಅಕ್ಕನ ಚಹಾದ ಲೋಟದ ಪಕ್ಕ ವಿಮಾನ ಇಳಿಸಿ ಬಾಗಿಲು ತೆರೆದಳು.

ಸಮಿತಿಯ ದಿನ ಬೆಳಿಗ್ಗೆ ನಾನು ಮತ್ತೆ ಹಾಜರು. ಫೋಟೊ ತೆಗೆಯಬೇಕಿದ್ದವನಿಗೆ ಜ್ವರ. ನಿನ್ನ ಫೋನಿನಲ್ಲೇ ತೆಗೆ, ಮುಖ ಕಾಣಬೇಕು, ಬೆನ್ನಲ್ಲ, ಎಂದು ಸಂಪಾದಕರ ಅಪ್ಪಣೆಯಾಗಿದೆ. ಹಿಂದೆ ಕೂತರೆ ಅಕ್ಕನ ಜಡೆ ಮಾತ್ರ ಸಿಗುತ್ತದೆ. ಹಾಗಾಗಿ ಬಲಗಡೆ ಸೀಟು ಬೇಕು ಎಂದೆ. ಅಕ್ಕ ಗೊಣಗುತ್ತಾ ಚೀಲವನ್ನು ಕೆಳಗಿಟ್ಟರು, ಫ್ಲಾಸ್ಕನ್ನು ಹಿಂದಕ್ಕೆ ದಾಟಿಸಿದರು, ಲ್ಯಾಪ್‌ಟಾಪ್ ಇಡಲು ಜಾಗವಿಲ್ಲದೆ ತಮ್ಮ ತೊಡೆಯ ಮೇಲೆ ಇಟ್ಟುಕೊಂಡರು.

ವಿಮಾನ ಮೋಡದೊಳಗೆ ಹೊಕ್ಕಿದೆ. ವೇಗ ಇನ್ನೂರೈವತ್ತು. ಅಕ್ಕನ ಎರಡೂ ಕೈ ಲ್ಯಾಪ್‌ಟಾಪಿನ ಕೀಲಿಗಳ ಮೇಲಿವೆ.

"ಸುಮ್ನೆ ಕೂತಿದ್ದೀರಲ್ಲ, ಆ ಗುಂಡಿ ಇನ್ನೂರೆಂಬತ್ತಕ್ಕೆ ತಿರುಗಿಸಿ ಎಳೀರಿ. ನಾನು ಇದ್ರಲ್ಲಿ ನೋಡ್ತೀನಿ," ಎಂದರು.

ನನ್ನ ಜೀವಮಾನದಲ್ಲಿ ವಿಮಾನ ಓಡಿಸು ಎಂದು ಯಾರೂ ಹೇಳಿರಲಿಲ್ಲ. ಫೋನು ಜೇಬಿಗೆ ಹಾಕಿ, ಎಡಗೈ ಚಾಚಿ, ಗುಂಡಿ ತಿರುಗಿಸಿದೆ. ಅಂಕಿ ಬಂತು. ನನ್ನ ಕಡೆಗೆ ಎಳೆದೆ. ಟಕ್ ಎಂದು ಬೆರಳಿಗೆ ಸಿಕ್ಕಿತು. ವಿಮಾನ ಓಡುತ್ತದೆಂದು ಬೆನ್ನು ನೆಟ್ಟಗೆ ಮಾಡಿ ಕೂತೆ. ಏನೂ ಆಗಲಿಲ್ಲ. ಸ್ವಲ್ಪ ಹೊತ್ತಿಗೆ ಅಂಕಿ ಅಳಿಸಿ ಮೂರು ಗೆರೆ ಬಂತು.

"ನೀವು ಎಳೆದಿಲ್ಲ," ಎಂದರು ಅಕ್ಕ, ತಲೆ ಎತ್ತದೆ.

"ಎಳೆದೆ."

"ತಿರುಗಿಸಿದ್ರಿ. ಎಳೆದಿಲ್ಲ."

"ಅಲ್ಲ ಅಕ್ಕ, ಎಳೆದೆ ಅಂತಿದ್ದೀನಲ್ಲ!" ನನಗೆ ನಿಜವಾಗಿಯೂ ಸಿಟ್ಟು ಬಂತು. ಗುಂಡಿ ಎಳೆಯಲೂ ಬಾರದ ಬೆಪ್ಪುತಕ್ಕಡಿ ಎಂದುಕೊಂಡರಲ್ಲ ಎಂದು ಕಿವಿ ಬಿಸಿಯಾಯಿತು.

ಅಕ್ಕನ ಕೈ ಕೀಲಿಗಳ ಮೇಲೆ ನಿಂತುಹೋಯಿತು. ಈಗ ತಾವು ಆಡಿದ ಮಾತನ್ನು ಅವರೇ ಕೇಳಿಸಿಕೊಂಡರು ಎಂದು ಕಾಣುತ್ತದೆ. ನಿಧಾನಕ್ಕೆ ಕನ್ನಡಕ ಮೇಲೇರಿಸಿ ನನ್ನನ್ನು ನೋಡಿದರು.

"ಇನ್ನೊಂದ್ಸಲ ಎಳೀರಿ."

ಎಳೆದೆ. ಗೆರೆ. ಮತ್ತೆ ಎಳೆದೆ. ಈ ಸಲ ಎಂಜಿನ್ ಗುಡುಗಿ ವಿಮಾನ ಓಡಿತು. ನನಗೆ ತಲೆ ಗಿರ್ ಎಂದಿತು. ಅಕ್ಕ ಗುಂಡಿ ಒತ್ತಿ ವೇಗ ಇಳಿಸಿ, ಮತ್ತೆ ಎಳೆಸಿದರು. ಗೆರೆ. ಮತ್ತೆ ಗೆರೆ.

"ಏಳಿ," ಎಂದರು.

ನಾನು ಎದ್ದೆ. ಅವರು ಮಂಡಿ ಹಿಡಿದುಕೊಂಡು ನಡುವಿನ ಇಕ್ಕಟ್ಟಿನಲ್ಲಿ ದಾಟಿ ಬಲಗಡೆ ಸೀಟಿನಲ್ಲಿ ಕೂತರು. ಎಡಗೈ ಚಾಚಿ ಗುಂಡಿ ತಿರುಗಿಸಿದರು, ಎಳೆದರು, ಕಿಂಡಿಯನ್ನೇ ನೋಡುತ್ತಾ ಕೂತರು. ಅಂಕಿ ಅಳಿಸಿತು. ಮೂರು ಗೆರೆ.

"ಅಯ್ಯೋ ದೇವ್ರೇ," ಎಂದರು.

ಎಡಗಡೆ ಸೀಟು ಕ್ಯಾಪ್ಟನ್ನರದು. ಹೊಸದಾಗಿ ಪೈಲಟ್ ಆಗುವವರೆಲ್ಲ ಕೂರುವುದು ಬಲಗಡೆ. ಅಕ್ಕ ಒಳಗೆ ಬಂದ ಕೂಡಲೇ ಹತ್ತಿರ ಸಿಗುವುದು ಎಡಗಡೆಯದು, ಮಂಡಿನೋವಿಗೆ ಅದೇ ಸಲೀಸು, ಸಾಮಾನು ಇಡಲು ಪಕ್ಕದ್ದು ಅನುಕೂಲ. ಬೆಳಗಿನ ಪರೀಕ್ಷೆಯನ್ನು ಅವರು ಎಂದೂ ಬಲಗಡೆಯಿಂದ ಮಾಡಿರಲಿಲ್ಲ. ಗುಂಡಿ ಇರುವುದು ಇಬ್ಬರಿಗೂ ನಡುವೆ, ಯಾರು ಎಳೆದರೂ ಒಂದೇ ಅಲ್ಲವೇ?

ಒಂದೇ ಅಲ್ಲ. ಫಲಕ ಬಿಚ್ಚಿ ಗುಂಡಿಯನ್ನು ಹೊರತೆಗೆದು ತೋರಿಸಿದರು. ಅದರ ಕಡ್ಡಿಯ ಸುತ್ತ ಇರುವ ಬಳೆಯಂಥ ಭಾಗ ಸವೆದು ಕಡ್ಡಿ ಅಲುಗಾಡುತ್ತಿತ್ತು. ಎಡಗಡೆಯಿಂದ ಎಳೆದರೆ ಕಡ್ಡಿ ಎಡಕ್ಕೆ ವಾಲಿ ಒಳಗಿನ ತಗಡಿಗೆ ತಾಗುತ್ತದೆ, ಕಂಪ್ಯೂಟರಿಗೆ ಸುದ್ದಿ ಮುಟ್ಟುತ್ತದೆ. ಬಲಗಡೆಯಿಂದ ಎಳೆದರೆ ಬಲಕ್ಕೆ ವಾಲಿ ತಗಡಿನಿಂದ ದೂರ ಸರಿಯುತ್ತದೆ. ಕೈಗೆ ಟಕ್ ಎನ್ನುತ್ತದೆ, ಕಂಪ್ಯೂಟರಿಗೆ ಏನೂ ಗೊತ್ತಾಗುವುದಿಲ್ಲ. ಅಪ್ಪಿತಪ್ಪಿ ನೆಟ್ಟಗೆ ಎಳೆದರೆ ಸರಿಹೋಗುತ್ತದೆ. ಕೆಲವರು ಬಚಾವಾದದ್ದು ಹಾಗೆ.

"ಆ ಸೀಟಲ್ಲಿ ಚೀಲ ಕೂರಿಸ್ತಿದ್ದೆ ನಾನು," ಎಂದರು ಅಕ್ಕ. ನಗುತ್ತಿದ್ದರೋ ಅಳುತ್ತಿದ್ದರೋ ನನಗೆ ತಿಳಿಯಲಿಲ್ಲ. "ದಿನಾ ಬೆಳಿಗ್ಗೆ. ಚೀಲ, ಫ್ಲಾಸ್ಕು. ಮನುಷ್ಯರು ಕೂರೋ ಜಾಗ ಅದು."

ಗುಂಡಿಯನ್ನು ಮಫ್ಲರಿನಲ್ಲಿ ಸುತ್ತಿಕೊಂಡು ಸಮಿತಿಯ ಕೋಣೆಗೆ ಹೊರಟರು. ನಾನು ಹಿಂದೆ ಓಡಿದೆ. ಬಾಗಿಲಲ್ಲಿ ಮ್ಯಾನೇಜರ್ ತಡೆದರು. ವರದಿ ಬರೆದು ಕೊಡಿ, ಸೋಮವಾರ ನೋಡೋಣ ಎಂದರು. ಸೋಮವಾರ ಟೀಚರ್ ಇಲ್ಲಿ ಇರಲ್ಲ ಸರ್ ಎಂದು ಅಕ್ಕ ಅವರ ತೋಳಿನ ಕೆಳಗೇ ನುಗ್ಗಿ ಒಳಗೆ ಹೋದರು. ಬಾಗಿಲು ಮುಚ್ಚಿತು. ಹೊರಗಿನ ಬೆಂಚಿನಲ್ಲಿ ಟೀಚರ್ ಕೂತಿದ್ದರು. ಏನಾಯಿತು ಎಂದು ನನ್ನನ್ನು ಕೇಳಿದರು. ವಿವರಿಸಲು ಹೋಗಿ ಎಡ ಬಲ ಎಲ್ಲ ಅದಲುಬದಲು ಮಾಡಿದೆ. ಕೊನೆಗೆ, "ನೀವು ಎಳೆದಿದ್ರಿ," ಎಂದೆ. ಅಷ್ಟು ಅವರಿಗೆ ಸಾಕಾಯಿತು. ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು.

ಒಳಗೆ ನಡೆದದ್ದನ್ನು ಆಮೇಲೆ ನನಗೆ ಹೇಳಿದವರು ಪರೀಕ್ಷಕ ಕ್ಯಾಪ್ಟನ್. ಅಕ್ಕ ಗುಂಡಿಯನ್ನು ಮೇಜಿನ ಮೇಲಿಟ್ಟು, ನನ್ನ ಸಹಿ ತಪ್ಪು, ವಾಪಸ್ ತಗೋತೀನಿ ಎಂದರಂತೆ. ಸಹಿ ವಾಪಸ್ ತೆಗೆದುಕೊಳ್ಳಲು ನಿಯಮದಲ್ಲಿ ಅವಕಾಶವಿದೆಯೇ ಎಂದು ಸಮಿತಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರಂತೆ.

ಕ್ಯಾಪ್ಟನ್ ಸಾಧು ಮನುಷ್ಯ. ಅವರ ಮುಖದಲ್ಲೂ ಗೊಂದಲವೇ. "ನಾನು ಕಣ್ಣಾರೆ ಗೆರೆ ನೋಡಿದ್ದೆ, ನೋಡಿದ್ದನ್ನೇ ಬರೆದೆ. ಅಕ್ಕ ಕೈಯಾರೆ ಎಳೆದು ನೋಡಿದ್ರು, ಅವರೂ ನೋಡಿದ್ದನ್ನೇ ಬರೆದ್ರು. ಆ ಹುಡುಗಿ ಮಾಡಿದ್ದನ್ನೇ ಹೇಳಿದ್ಳು. ಮೂವರೂ ನಿಜ ಹೇಳಿ ಈ ಗತಿ ಆಯ್ತಲ್ಲ! ಇದಕ್ಕೆ ಯಾರನ್ನ ಬೈಯೋದು?"

ಫಲಿತಾಂಶ ರದ್ದಾಯಿತು. ಹೊಸ ಬಿಡಿಭಾಗ ಬಂದ ಮೇಲೆ ಟೀಚರ್‌ಗೆ ಮರುಪರೀಕ್ಷೆ ಎಂದು ತೀರ್ಮಾನವಾಯಿತು. ಬಿಡಿಭಾಗ ಬರುವವರೆಗೆ ಡಬ್ಬಿ ನಿಂತೇ ಇತ್ತು. ಪಾಳಿಗಳೆಲ್ಲ ತಪ್ಪಿದ್ದಕ್ಕೆ ಮ್ಯಾನೇಜರ್ ಅಕ್ಕನೊಡನೆ ಮುಖ ಕೊಟ್ಟು ಮಾತಾಡಲಿಲ್ಲ. ಹೊಸ ಗುಂಡಿ ಕೂರಿಸಿದ ದಿನ ಅಕ್ಕ ಬಲಗಡೆ ಕೂತು ಕೈ ಸೋಲುವಷ್ಟು ಸಲ ಎಳೆದರು. ಓರೆಯಾಗಿ, ನೆಟ್ಟಗೆ, ಕೆಳಗಿನಿಂದ, ಮೇಲಿನಿಂದ.

ಮರುಪರೀಕ್ಷೆಯ ದಿನ ನಾವಿಬ್ಬರೂ ಡಬ್ಬಿಯ ಕೆಳಗೆ ನಿಂತಿದ್ದೇವೆ. ಒಳಗೆ ಏನಾಗುತ್ತಿದೆ ಎಂದು ಹೊರಗಿನವರಿಗೆ ತಿಳಿಯುವ ಹಾಗಿಲ್ಲ. ಆರು ಕಾಲುಗಳು ಒಮ್ಮೆ ಬಗ್ಗುತ್ತವೆ, ಒಮ್ಮೆ ಏಳುತ್ತವೆ. ಈಗ ಏರುತ್ತಿದೆ, ಈಗ ತಿರುಗುತ್ತಿದೆ ಎಂದು ಅಕ್ಕ ಕಾಲು ನೋಡಿಯೇ ಹೇಳುತ್ತಾರೆ. ಒಂದು ಸಲ ಡಬ್ಬಿ ಮೆಲ್ಲಗೆ ಹಿಂದಕ್ಕೆ ವಾಲಿ ಹಾಗೇ ನಿಂತಿತು. ಅಕ್ಕ ನನ್ನ ತೋಳು ಹಿಡಿದುಕೊಂಡರು.

"ಏರಿಸಿದ್ರು," ಎಂದರು. "ವೇಗ ತಗೊಂಡ್ತು."

ಬಾಗಿಲು ತೆರೆದು, ಡಬ್ಬಿಯಿಂದ ಗೋಡೆಗೆ ಹಾಕಿದ ಕಬ್ಬಿಣದ ಸೇತುವೆಯ ಮೇಲೆ ಟೀಚರ್ ನಡೆದು ಬಂದರು. ಬೆವರಿನಿಂದ ಅಂಗಿ ಬೆನ್ನಿಗೆ ಅಂಟಿತ್ತು. ಹಿಂದೆ ಬಂದ ಕ್ಯಾಪ್ಟನ್ ಕೆಳಗೆ ನಮ್ಮನ್ನು ನೋಡಿ ಹೆಬ್ಬೆರಳು ಎತ್ತಿ ತೋರಿಸಿದರು. ಟೀಚರ್ ಮೆಟ್ಟಿಲಿಳಿದು ಬಂದು ಅಕ್ಕನ ಮುಂದೆ ನಿಂತರು.

"ಈ ಸಲ ಎಳೆದ್ಮೇಲೆ ಕಿಂಡಿ ನೋಡ್ತಾನೇ ಇದ್ದೆ ಅಕ್ಕ," ಎಂದರು ಟೀಚರ್. "ಆವತ್ತೂ ನೋಡ್ಬೇಕಿತ್ತು."

"ನೋಡ್ಬೇಕಿತ್ತು," ಎಂದು ಅಕ್ಕ ಒಪ್ಪಿದರು. "ನಾನೂ ಆ ಕಡೆ ಕೂರ್ಬೇಕಿತ್ತು."

ಆಮೇಲೆ ಇಬ್ಬರೂ ಒಟ್ಟಿಗೆ ಅತ್ತರು. ನಾನು ಕಾಲುಗಳಲ್ಲಿ ಎಣ್ಣೆ ಸೋರುತ್ತಿದೆಯೋ ಎಂದು ನೋಡುವವನ ಹಾಗೆ ಆ ಕಡೆ ಹೋದೆ.

ಇಂಥ ಲೇಖನದ ಕೊನೆಗೆ, ನಿಮ್ಮ ಆಸೆ ಏನು ಎಂದು ಕೇಳುವುದು ವಾಡಿಕೆ. ಎಲ್ಲರೂ ಹೋದ ಮೇಲೆ ಕೇಳಿದೆ. ಅಕ್ಕ ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಾ ಕೂತರು.

"ಟೀಚರ್‌ಗಿಂತ ಮುಂಚೆ ಒಬ್ರು ಇದ್ರು," ಎಂದರು. "ಹೋದ ವರ್ಷ. ತೆಳ್ಳಗೆ, ಉದ್ದಕ್ಕೆ ಇದ್ರು. ಅವರೂ ಎಳೆದೆ ಅಂದಿದ್ರು. ಆಗಲೂ ನಾನೇ ಬಂದು ನೋಡಿ ಸಹಿ ಹಾಕ್ದೆ. ಅವರು ಜಗಳ ಆಡ್ಲಿಲ್ಲ, ಮರುದಿನ ಹಾಸಿಗೆ ಸುತ್ಕೊಂಡು ಹೋಗ್ಬಿಟ್ರು. ಆಗಲೇ ಗುಂಡಿ ಸವೆದಿತ್ತೋ, ಇಲ್ಲ ಅವರು ನಿಜವಾಗ್ಲೂ ಎಳೆದಿರ್ಲಿಲ್ವೋ, ಈಗ ತಿಳ್ಕೊಳೋಕೆ ದಾರಿನೇ ಇಲ್ಲ. ಕೊಟ್ಟಿದ್ದ ನಂಬರ್‌ಗೆ ಫೋನ್ ಮಾಡಿದ್ರೆ ಬೇರೆ ಯಾರೋ ಎತ್ತಾರೆ."

"ಸಿಕ್ಕರೆ ಏನು ಹೇಳ್ತೀರಿ ಅಕ್ಕ?"

"ಏನು ಹೇಳ್ಲಿ? ನೀವು ಎಳೆದಿರಬಹುದು. ಅಷ್ಟು ಹೇಳ್ಬೇಕು ನಂಗೆ."

ನಿಮ್ಮಲ್ಲಿ ಯಾರಿಗಾದರೂ ಆ ಮನುಷ್ಯ ಗೊತ್ತಿದ್ದರೆ ದಯವಿಟ್ಟು ಅಷ್ಟನ್ನು ತಿಳಿಸಿಬಿಡಿ.